ಗೇರ್ ಬೀಳ್ತಿಲ್ವಾ? ಮೊದಲು ಬ್ರೇಕ್ ಲೈಟ್ ನೋಡಿ

ಒಂದು ಭಾನುವಾರ ಬೆಳಿಗ್ಗೆ ನಮ್ಮ ಹಳೇ ಗಿರಾಕಿ ಮೇಷ್ಟ್ರು ಫೋನ್ ಮಾಡಿದರು. ಅವರದು ಆಟೋಮ್ಯಾಟಿಕ್ ಗಾಡಿ. ಕೀ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಗ್ತಿದೆ, ಆದ್ರೆ ಗೇರ್ ಲಿವರ್ ‘ಪಿ’ (ಪಾರ್ಕಿಂಗ್) ಬಿಟ್ಟು ಕದಲ್ತಿಲ್ಲ ಅಂದರು. ಆಗಲೇ ಯಾರೋ ಅವರಿಗೆ ‘ಗೇರ್‌ಬಾಕ್ಸ್ ಇಳಿಸಬೇಕು’ ಅಂತ ಹೇಳಿ ಹೆದರಿಸಿಯಾಗಿತ್ತು.

‘ಮೇಷ್ಟ್ರೇ, ಬ್ರೇಕ್ ಒತ್ತಿ ಹಿಡ್ಕೊಳ್ಳಿ. ಮೊಮ್ಮಗನ್ನ ಗಾಡಿ ಹಿಂದೆ ನಿಲ್ಸಿ, ಲೈಟ್ ಹತ್ತುತ್ತಾ ಕೇಳಿ’ ಅಂದೆ. ‘ಇಲ್ಲ ತಾತ’ ಅಂತ ಹುಡುಗ ಕೂಗಿದ್ದು ಫೋನಿನಲ್ಲೇ ಕೇಳಿಸಿತು.

ಬ್ರೇಕ್ ಒತ್ತದೆ ಲಿವರ್ ‘ಪಿ’ ಬಿಟ್ಟು ಬರಬಾರದು ಅಂತ ಆಟೋಮ್ಯಾಟಿಕ್ ಗಾಡಿಯಲ್ಲಿ ಒಂದು ಲಾಕ್ ಇರುತ್ತದೆ. ಬ್ರೇಕ್ ಒತ್ತಿದ್ದೀರಿ ಅಂತ ಅದಕ್ಕೆ ತಿಳಿಸುವುದು ಪೆಡಲ್ ತೋಳಿನ ಮೇಲ್ತುದಿಯಲ್ಲಿರುವ ಒಂದು ಪುಟ್ಟ ಸ್ವಿಚ್. ಸಾಮಾನ್ಯವಾಗಿ ಹಿಂದಿನ ಬ್ರೇಕ್ ಲೈಟ್ ಹತ್ತಿಸುವುದೂ ಅದೇ. ಫ್ಯೂಸ್ ಸರಿ ಇದ್ದೂ ಲೈಟ್ ಹತ್ತದಿದ್ದರೆ ಮೊದಲ ಅನುಮಾನ ಆ ಸ್ವಿಚ್ಚಿನ ಮೇಲೆ. ಮೇಷ್ಟ್ರ ಗಾಡಿಯಲ್ಲೂ ಅದೇ ಆಗಿತ್ತು. ಹಳೇದು ತೆಗೆದು ಹೊಸದು ಹಾಕಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಗೇರ್‌ಬಾಕ್ಸ್ ಹೋಯ್ತು ಅಂತ ಒಪ್ಪಿಕೊಳ್ಳುವ ಮೊದಲು ಹೊರಗಿನದ್ದನ್ನೆಲ್ಲ ನೋಡಿ ಮುಗಿಸಿ. ಅದಕ್ಕೂ ಮೊದಲು, ನಿಮ್ಮದು ಯಾವ ಗೇರ್‌ಬಾಕ್ಸ್ ಅಂತ ತಿಳ್ಕೊಳ್ಳಿ. ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಕಾರು ಬಂದ ಮೇಲೆ ನಮ್ಮಲ್ಲಿ ಜಾಸ್ತಿಯಾದ ಎಎಂಟಿಯ (ಆಟೋಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್) ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಕಾಲಿನ ಕೆಲಸವನ್ನು, ಗೇರ್ ಹಾಕುವ ಕೈಯ ಕೆಲಸವನ್ನು ಕಂಪ್ಯೂಟರ್ ಹೇಳಿದಂತೆ ಆಡುವ ಆಕ್ಚುಯೇಟರ್ ಅನ್ನೋ ಯಂತ್ರ ಮಾಡುತ್ತದೆ, ಅಷ್ಟೇ. ಲಿವರ್ ಹತ್ತಿರ ‘ಪಿ’ ಇಲ್ಲದಿದ್ದರೆ ಬಹುಪಾಲು ಅದು ಎಎಂಟಿ. ‘ಪಿ’ ಇದ್ದರೆ ಟಾರ್ಕ್ ಕನ್ವರ್ಟರ್ (ಆಯಿಲ್ ಮೂಲಕ ಶಕ್ತಿ ದಾಟಿಸುವುದು), ಸಿವಿಟಿ (ಬೆಲ್ಟ್ ಮೇಲೆ ಓಡುವುದು), ಡಿಸಿಟಿ (ಎರಡು ಕ್ಲಚ್ ಇರುವುದು) ಮೂರರಲ್ಲಿ ಯಾವುದೂ ಆಗಬಹುದು. ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿ.

ಎಎಂಟಿ ಗೇರ್ ಹಾಕದೆ ನ್ಯೂಟ್ರಲ್‌ನಲ್ಲೇ ಕೂತರೆ ನಾನು ಮೊದಲು ಮೀಟರ್ ಹಿಡಿಯುವುದು ಬ್ಯಾಟರಿಗೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಫುಲ್ ಚಾರ್ಜ್ ಇದೆ ಅಂತ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಬ್ಯಾಟರಿ ಸೋತರೆ ಆಕ್ಚುಯೇಟರ್ ತಡವರಿಸುತ್ತದೆ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ಉಜ್ಜಿ, ಒರೆಸಿ, ಬಿಗಿ ಮಾಡಿ.

ಇನ್ನು ಆಯಿಲ್. ಇದನ್ನು ಸಮಾಧಾನವಾಗಿ ನೋಡಬೇಕು. ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಗೇರ್‌ಬಾಕ್ಸ್ ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿ ಇದ್ದರೆ ಹದಿನೈದು–ಇಪ್ಪತ್ತು ನಿಮಿಷ ಓಡಿಸಿ ಬಂದು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಬ್ರೇಕ್ ಒತ್ತಿಕೊಂಡೇ ಲಿವರನ್ನು ಒಂದೊಂದು ಜಾಗದಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ, ಮತ್ತೆ ‘ಪಿ’ಗೆ ತನ್ನಿ. ಹೆಚ್ಚಿನ ಗಾಡಿಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ನೋಡಬೇಕು, ಕೆಲವದರಲ್ಲಿ ಆಫ್ ಮಾಡಿ. ಪುಸ್ತಕ ಹೇಳಿದ್ದೇ ಕೊನೆ. ಕಡ್ಡಿ ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ತೆಗೆಯಿರಿ.

ಈಗ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ. ಕೆಂಪು ಬಣ್ಣ ತೆಳ್ಳಗೆ ಹರಡಿದರೆ ಆಯಿಲ್ ಚೆನ್ನಾಗಿದೆ. ಕಂದು ತಿರುಗಿದ್ದರೆ ವಯಸ್ಸಾಗಿದೆ. ಕಪ್ಪಾಗಿ, ಸುಟ್ಟ ವಾಸನೆ ಹೊಡೆದರೆ ಒಳಗೆ ಕ್ಲಚ್ ಪ್ಲೇಟ್ ಉರಿದಿವೆ ಅಂತಲೇ ಲೆಕ್ಕ. ಆಗ ಆಯಿಲ್ ಬದಲಿಸಿದರೆ ಮಾತ್ರ ಸಾಲದು. ರೋಸ್ ಮಿಲ್ಕ್ ತರಹ ನೊರೆನೊರೆಯಾಗಿದ್ದರೆ ಇಂಜಿನ್ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಬೇಡಿ. ರೇಡಿಯೇಟರ್ ನೀರು ಆಯಿಲ್‌ಗೆ ಸೇರಿರಬಹುದು.

ಕಡಿಮೆ ಇದೆ ಅಂತ ಕೈಗೆ ಸಿಕ್ಕ ಆಯಿಲ್ ಸುರಿಯಬೇಡಿ, ದಯವಿಟ್ಟು. ಸಿವಿಟಿಗೆ ಅದರದ್ದೇ ಆಯಿಲ್ ಬೇರೆ. ಬೇರೆಯದು ಹಾಕಿದರೆ ಒಳಗಿನ ಸ್ಟೀಲ್ ಬೆಲ್ಟ್ ಜಾರಲು ಶುರುವಾಗುತ್ತದೆ, ಆಮೇಲೆ ಉಳಿಸುವುದು ಕಷ್ಟ. ಈಗಿನ ಎಷ್ಟೋ ಗಾಡಿಗಳಿಗೆ ಗೇಜ್ ಕಡ್ಡಿಯೇ ಇಲ್ಲ. ಆಯಿಲ್ ಎಷ್ಟು ಬಿಸಿಯಿದೆ ಅಂತ ಸ್ಕ್ಯಾನರ್‌ನಲ್ಲಿ ನೋಡಿಕೊಂಡು ಕೆಳಗಿನ ಬೋಲ್ಟ್ ಬಿಚ್ಚಿ ನೋಡಬೇಕು. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಲು ಸ್ಟೀರಿಂಗ್ ಕೆಳಗೆ ಸಿಕ್ಕಿಸುವ ಚಿಕ್ಕ ಸ್ಕ್ಯಾನರ್ ಈಗ ತುಂಬಾ ಜನರ ಹತ್ತಿರ ಇದೆ. ಒಳ್ಳೇದೇ. ಆದರೆ ಪಿ0700 ಅಂತ ಕಂಡ ಕೂಡಲೇ ಗಾಬರಿಯಾಗಬೇಡಿ. ‘ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ಬರೆದಿಟ್ಟಿದೆ, ಅಲ್ಲಿ ಹೋಗಿ ಓದಿ’ ಅನ್ನುವುದಷ್ಟೇ ಅದರ ಅರ್ಥ. ಕೋಡ್ ಅಳಿಸುವ ಮೊದಲು ಫೋಟೋ ತೆಗೆದಿಡಿ. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಅಳಿಸಿಕೊಂಡೇ ಬರ್ತಾರೆ, ನನಗೆ ಹಿಡಿಯಲು ಜಾಡೇ ಇರುವುದಿಲ್ಲ.

ಘಾಟಿಯಲ್ಲಿ ಗಾಡಿ ಸಾಲುಗಟ್ಟಿ ನಿಂತಾಗ ಎಎಂಟಿಯವರು, ಡಿಸಿಟಿಯವರು ಆಕ್ಸಿಲರೇಟರ್ ಮೆಲ್ಲಗೆ ಒತ್ತಿ ಗಾಡಿ ಹಿಡಿದಿಡುವುದು ಬೇಡ. ಬ್ರೇಕ್ ಒತ್ತಿ ನಿಲ್ಲಿಸಿ. ಆಗುಂಬೆ ಹತ್ತಿ ಬಂದ ಎಷ್ಟೋ ಗಾಡಿಗಳ ಬಾನೆಟ್ ಎತ್ತುವಾಗಲೇ ಸುಟ್ಟ ಕ್ಲಚ್ಚಿನ ವಾಸನೆ ಮೂಗಿಗೆ ಹೊಡೆದಿದೆ.

ಗಾಡಿ ಕದಲಲೇ ಇಲ್ಲ ಅಂದರೆ ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ, ಟಾರ್ಕ್ ಕನ್ವರ್ಟರ್, ಸಿವಿಟಿ ಹಾಗೆ ಸ್ಟಾರ್ಟ್ ಆಗುವುದಿಲ್ಲ. ಹಗ್ಗ ಕಟ್ಟಿ ಎಳೆಸಲೂ ಬೇಡಿ. ಇಂಜಿನ್ ಆಫ್ ಇದ್ದರೆ ಆಯಿಲ್ ಪಂಪ್ ಓಡುವುದಿಲ್ಲ. ಚಕ್ರ ಉರುಳಿದಷ್ಟೂ ಒಳಗಿನ ಭಾಗ ಒಣಗಿ ತೇಯುತ್ತವೆ. ಟೋಯಿಂಗ್‌ಗೆ ಫೋನ್ ಮಾಡುವಾಗಲೇ ‘ಆಟೋಮ್ಯಾಟಿಕ್ ಗಾಡಿ, ನಾಲ್ಕೂ ಚಕ್ರ ಮೇಲೆ ಹತ್ತಿಸೋ ಲಾರಿ ಕಳಿಸಿ’ ಅಂತ ಹೇಳಿ.