ಅಡಿಕೆ ಆಮದು: ಒಬ್ಬೊಬ್ಬರ ಲೆಕ್ಕ ಒಂದೊಂದು ಯಾಕೆ?

ಶಿವಮೊಗ್ಗ, ಶಿರಸಿ ಮಂಡಿಗಳಲ್ಲಿ ಧಾರಣೆ ಬಿದ್ದಾಗೆಲ್ಲ ಕೇಳುವ ಮಾತು ಒಂದೇ: ಹೊರಗಿನ ಮಾಲು ಬಂತು. ಎಷ್ಟು ಬಂತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿರಬೇಕಾಗಿಲ್ಲ.

ಆಮದು, ರಫ್ತಿನ ಲೆಕ್ಕ ಇಡುವ ಕೋಲ್ಕತ್ತಾದ ಡಿಜಿಸಿಐಎಸ್ ಕಚೇರಿ ಶುರುವಾಗಿದ್ದು 1862ರಲ್ಲಿ. ಹಿಂದೆ ದಪ್ಪ ದಪ್ಪ ಸಂಪುಟಗಳಲ್ಲಿ ಸಿಗುತ್ತಿದ್ದ ಅಂಕಿ ಈಗ ವಾಣಿಜ್ಯ ಸಚಿವಾಲಯದ ಜಾಲತಾಣದಲ್ಲಿ ಪುಕ್ಕಟೆ. ತೊಡಕಿರುವುದು ಕೋಡ್‌ನಲ್ಲಿ.

ಬಂದರಿಗೆ ಮಾಲು ಬಂದಾಗ ಆಮದುದಾರ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ ತುಂಬಬೇಕು. ಅದರಲ್ಲಿ ಎಚ್‌ಎಸ್ ಕೋಡ್, ಅಂದರೆ ಮಾಲು ಯಾವುದೆಂದು ಗುರುತಿಸುವ ಎಂಟು ಅಂಕಿಯ ಸಂಖ್ಯೆ ಇರುತ್ತದೆ. ಮೊದಲ ಆರು ಅಂಕಿ ಬಹುತೇಕ ಜಗತ್ತಿಗೆಲ್ಲ ಒಂದೇ, ಕೊನೆಯ ಎರಡು ನಮ್ಮವು. 2012ಕ್ಕೆ ಮೊದಲು ಜಾಗತಿಕ ಪಟ್ಟಿಯಲ್ಲಿ ಅಡಿಕೆಗೆ ಸ್ವಂತ ಕೋಡೇ ಇರಲಿಲ್ಲ, 'ಇತರೆ ಬೀಜಗಳು' ಎಂಬ ಗುಂಪಿನಲ್ಲಿ ಸೇರಿಹೋಗಿತ್ತು. ಆಮೇಲೆ 080280 ಬಂತು. ನಮ್ಮಲ್ಲಿ ಇಡಿ ಅಡಿಕೆ 08028010, ಹೋಳು 08028020. ಒಂದನ್ನೇ ನೋಡಿ ಇನ್ನೊಂದನ್ನು ಬಿಟ್ಟರೆ ಲೆಕ್ಕ ಅಲ್ಲೇ ಎಡವಿತು ಅಂತಲೇ ಅರ್ಥ. ಹುರಿದ ಅಡಿಕೆ ಸುಂಕದ ಪಟ್ಟಿಯ 8ನೇ ಅಧ್ಯಾಯಕ್ಕೆ ಸೇರಲ್ಲ, 20ಕ್ಕೆ ಸೇರುತ್ತದೆ ಎಂಬ ವಾದ ಕೋರ್ಟಿನವರೆಗೂ ಹೋಗಿದೆ. ಕೋಡ್ ಬದಲಾದರೆ ಸುಂಕವೂ ಬದಲು, ಅಲ್ವಾ?

ಬೆಲೆಯ ಕಥೆ ಬೇರೆ. ಕನಿಷ್ಠ ಆಮದು ಬೆಲೆ (ಇದಕ್ಕಿಂತ ಅಗ್ಗದ ಮಾಲು ತರಿಸುವಂತಿಲ್ಲ) 2017ರಲ್ಲಿ ಕಿಲೋಗೆ 251 ರೂಪಾಯಿ ಇತ್ತು, 2023ರ ಫೆಬ್ರವರಿಯಲ್ಲಿ 351 ಆಯಿತು. ಪಟ್ಟಿಯಲ್ಲಿರುವ ಮೌಲ್ಯವನ್ನು ತೂಕದಿಂದ ಭಾಗಿಸಿ ನೋಡಿ. ಸರಾಸರಿ ಅದಕ್ಕಿಂತ ಕೆಳಗೆ ಬಂದ ಮಾತ್ರಕ್ಕೆ ಮೋಸ ಅಂತ ತೀರ್ಮಾನಿಸಬೇಡಿ. ವಿಶೇಷ ಆರ್ಥಿಕ ವಲಯದ ಘಟಕಗಳಿಗೆ ವಿನಾಯಿತಿ ಇದೆ. ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೂ 2022ರಲ್ಲಿ ಈ ಷರತ್ತಿಲ್ಲದೆ ಅನುಮತಿ ಕೊಟ್ಟಿದ್ದಾರೆ.

ಇನ್ನು ದೇಶ ದೇಶಗಳ ವ್ಯಾಪಾರದ ಅಂಕಿ ಒಟ್ಟುಗೂಡಿಸುವ ವಿಶ್ವಸಂಸ್ಥೆಯ ಕಾಮ್‌ಟ್ರೇಡ್. ಅಲ್ಲಿ ಇಂಡೋನೇಷ್ಯಾ ಭಾರತಕ್ಕೆ ಕಳಿಸಿದೆ ಎಂಬ ಅಂಕಿಗೂ, ಭಾರತ ಅಲ್ಲಿಂದ ತರಿಸಿದೆ ಎಂಬ ಅಂಕಿಗೂ ತಾಳೆಯಾಗಲೇಬೇಕೆಂದಿಲ್ಲ. ಸಾಮಾನ್ಯವಾಗಿ ಕಳಿಸುವವರು ಹಡಗು ಬಾಡಿಗೆ, ವಿಮೆ ಬಿಟ್ಟು ಬರೆಯುತ್ತಾರೆ, ತರಿಸುವವರು ಸೇರಿಸಿ ಬರೆಯುತ್ತಾರೆ. ಮಾಲು ಮೂರನೇ ದೇಶ ಸುತ್ತಿ ಬಂದರೆ ಮೂಲ ದೇಶದ ಹೆಸರೂ ಬದಲಾಗಬಹುದು. ಸುಂಕದಲ್ಲಿ ರಿಯಾಯಿತಿ ಕೊಡುವ ಶ್ರೀಲಂಕಾ ಜತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಿಂದಲೇ ಜಾರಿಯಲ್ಲಿದೆ. ಸುಂಕ ಉಳಿಸುವ ಆಸೆ ಇರುವ ಕಡೆ ಮಾಲು ಯಾವ ದೇಶದ್ದೆಂದು ಹೇಳುವ ಮೂಲದ ಪ್ರಮಾಣಪತ್ರದ ಮೇಲೆ ಅನುಮಾನ ಬರುವುದು ಸಹಜ.

ಯಾರು ತರಿಸಿದರು ಎಂದು ತಿಳಿಯುವುದು ಇನ್ನೂ ಕಷ್ಟ. ಕಸ್ಟಮ್ಸ್ ಕಾಯ್ದೆಗೆ 2022ರಲ್ಲಿ 135ಎಎ ಕಲಂ ಸೇರಿತು. ಆಮದುದಾರ ಸಲ್ಲಿಸಿದ ಬೆಲೆ, ಪ್ರಮಾಣದ ವಿವರವನ್ನು ಕಾನೂನಿನ ಅವಕಾಶವಿಲ್ಲದೆ ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವ್ಯಾಪಾರದ ಗುಟ್ಟು ಕಾಯಬೇಕು, ಸರಿ. ಆದರೆ ಬೆಳೆಗಾರರ ಕೈಗೆ ಸಿಗುವುದು ಒಟ್ಟು ಮೊತ್ತ ಮಾತ್ರ.

ಮ್ಯಾನ್ಮಾರ್ ಗಡಿಯಿಂದ ಕದ್ದು ಬರುವ ಮಾಲಿಗೆ ಬಿಲ್ ಆಫ್ ಎಂಟ್ರಿಯೇ ಇಲ್ಲ, ಅದು ಯಾವ ಪಟ್ಟಿಗೂ ಸೇರಲ್ಲ. ಜಪ್ತಿಯಾದದ್ದರ ಅಂಕಿ ಬೇಕಿದ್ದರೆ ಸಂಸತ್ತಿನ ಪ್ರಶ್ನೋತ್ತರಗಳಲ್ಲಿ ಹುಡುಕಬೇಕು.