ಮಗುವಿನ ಇಸುಬಿಗೆ ಯಾವ ಮಾಯಿಶ್ಚರೈಸರ್ ಒಳ್ಳೆಯದು?

ಪ್ರಶ್ನೆ: ನಮ್ಮ ಎರಡು ವರ್ಷದ ಮಗಳಿಗೆ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂಭಾಗದಲ್ಲಿ ಇಸುಬು ಇದೆ. ಮಾಯಿಶ್ಚರೈಸರ್ ಹಚ್ಚಿದರೆ ಇಳಿಯುತ್ತದೆ, ಬಿಟ್ಟರೆ ಮತ್ತೆ ಶುರು. ಎಷ್ಟೋ ಕ್ರೀಮ್ ಬದಲಾಯಿಸಿದೆವು. ಯಾವುದು ಒಳ್ಳೆಯದು?

ಉತ್ತರ: ಹಚ್ಚುವುದನ್ನು ಬಿಡಬೇಡಿ. ನನ್ನ ಉತ್ತರದ ಮುಕ್ಕಾಲು ಪಾಲು ಇಷ್ಟೇ.

ಇಸುಬು ಇರುವ ಮಕ್ಕಳ ಚರ್ಮದ ಮೇಲ್ಪದರಕ್ಕೆ ನೀರಿನಂಶ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಎಷ್ಟೋ ಮಕ್ಕಳಲ್ಲಿ ಆ ಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನ್ ಹುಟ್ಟಿನಿಂದಲೇ ಕೊರತೆಯಾಗಿರುತ್ತದೆ. ಒಣಗಿದ ಚರ್ಮಕ್ಕೆ ಸೋಪು, ಧೂಳು ತಾಗಿ ಉರಿ, ತುರಿಕೆ ಹೆಚ್ಚುತ್ತದೆ. ಕೆರೆದಷ್ಟೂ ಚರ್ಮ ಇನ್ನಷ್ಟು ಬಿರಿಯುತ್ತದೆ. ಕೆಂಪು ಹೋದ ಮೇಲೂ ಈ ಕೊರತೆ ಒಳಗೆ ಹಾಗೇ ಇರುತ್ತದೆ. ಆದ್ದರಿಂದಲೇ ಚರ್ಮ ಚೆನ್ನಾಗಿ ಕಾಣುವ ದಿನಗಳಲ್ಲೂ ದಿನಕ್ಕೆ ಎರಡು ಸಲವಾದರೂ, ಇಡೀ ಮೈಗೆ ಹಚ್ಚಬೇಕು.

ಪ್ರಮಾಣದಲ್ಲಿ ಬಹಳ ತಂದೆತಾಯಂದಿರು ಕೈ ಬಿಗಿಹಿಡಿಯುತ್ತಾರೆ. ಚಿಕಿತ್ಸೆ ಹೇಗಿರಬೇಕೆಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಂ ಎನ್ನುತ್ತದೆ! ಸಣ್ಣ ಟ್ಯೂಬು ತಿಂಗಳುಗಟ್ಟಲೆ ಬರುತ್ತಿದೆಯೆಂದರೆ ಹಚ್ಚುತ್ತಿರುವುದು ಸಾಲದು.

ಇನ್ನು ಯಾವುದು ಎಂಬ ಮಾತು. ಬ್ರಿಟನ್ನಿನಲ್ಲೇ 550 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೋಷನ್, ಕ್ರೀಮ್, ಜೆಲ್, ಮುಲಾಮು ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಮೇಲು ಎಂದು ಕಂಡುಬರಲಿಲ್ಲ. ಮಗಳು ಅಳದೆ ಹಚ್ಚಿಸಿಕೊಳ್ಳುವುದೇ ಅವಳಿಗೆ ಒಳ್ಳೆಯದು. ಸುವಾಸನೆ ಇರುವುದು ಮಾತ್ರ ಬೇಡ. ಆಲಿವ್ ಎಣ್ಣೆಯೂ ಬೇಡ, ಅದು ಚರ್ಮದ ಪದರವನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ.

ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಪಸೆಯಾಗಿರುವಾಗಲೇ ಹಚ್ಚಿ. ರೋಮ ಮಲಗಿರುವ ದಿಕ್ಕಿಗೆ ಮೆಲ್ಲಗೆ ಸವರಿದರೆ ಸಾಕು, ತಿಕ್ಕಬೇಕಿಲ್ಲ. ಡಬ್ಬಿಯಾದರೆ ಬೆರಳು ಅದ್ದದೆ ಶುಚಿಯಾದ ಚಮಚದಲ್ಲಿ ತೆಗೆಯಿರಿ. ಕ್ರೀಮ್ ಹೀರಿಕೊಂಡ ಬಟ್ಟೆ, ಹಾಸಿಗೆಗೆ ಬೆಂಕಿ ಬೇಗ ಹತ್ತುತ್ತದೆ, ಒಲೆ-ದೀಪದಿಂದ ದೂರವಿಡಿ.

ಇಷ್ಟಾದರೂ ಕೆಂಪಾಗಿ ಕೆರಳಿದರೆ ಮಾಯಿಶ್ಚರೈಸರ್ ಒಂದೇ ಸಾಲದು. ವೈದ್ಯರು ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟರೆ ಹೆದರಿ ಮೂಲೆಗಿಡಬೇಡಿ. ಅವರು ಹೇಳಿದಷ್ಟು ದಿನ ಹಚ್ಚಿ. ಆ ಮುಲಾಮಿಗೂ ಮಾಯಿಶ್ಚರೈಸರಿಗೂ ನಡುವೆ ಅರ್ಧ ಗಂಟೆ ಬಿಡುವಿರಲಿ. ಹಳದಿ ಹಕ್ಕಳೆ ಕಟ್ಟಿದರೆ, ರಸ ಸುರಿದರೆ ಬೇಗ ತೋರಿಸಿ. ನೋವಿರುವ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ಮರುದಿನಕ್ಕೆ ಬಿಡಬೇಡಿ.