ಪದ ಪರಿಚಯ: ಬೂಸ್ಟರ್

ಮಲ್ಲೇಶ್ವರದ ನಮ್ಮ ಮನೆಗೆ ನಾಯಿಮರಿ ಬಂದಾಗ ಡಾಕ್ಟರು ಒಂದು ಪುಟ್ಟ ಪುಸ್ತಕ ಕೊಟ್ಟರು. ಲಸಿಕೆಯ ಮೊದಲ ಇಂಜೆಕ್ಷನ್ ಆದ ಮೇಲೆ ಅದರಲ್ಲಿ ಮುಂದಿನ ತಾರೀಖುಗಳನ್ನು ಗೀಚಿ, ಪಕ್ಕದಲ್ಲಿ ‘ಬೂಸ್ಟರ್’ ಎಂದು ಬರೆದರು. ‘ಹಾಲಿಗೆ ಬೂಸ್ಟ್ ಬೆರೆಸಿದ ಹಾಗೆ ಅಲ್ವಾ? ಹಾಕಿಸಿದರೆ ಒಳ್ಳೇದು, ಬಿಟ್ಟರೂ ನಡೆಯುತ್ತೆ’ ಎಂದರು ನಮ್ಮತ್ತೆ. ನಾನೂ ಹಾಗೇ ಅಂದುಕೊಂಡಿದ್ದೆ. ಮನೆಯ ಮದುವೆ ಓಡಾಟದಲ್ಲಿ ಕೊನೆಯ ತಾರೀಖನ್ನು ತಪ್ಪಿಸಿಯೂ ಬಿಟ್ಟೆ. ಡಾಕ್ಟರ ಹತ್ತಿರ ಬೈಸಿಕೊಂಡ ಮೇಲೆ ಗೊತ್ತಾಯಿತು, ಈ ಪದವೇ ಸ್ವಲ್ಪ ದಾರಿ ತಪ್ಪಿಸುತ್ತೆ ಅಂತ.

ಹಸು ಕರು ಹಾಕಿದಾಗ ಗಿಣ್ಣು ಮಾಡುತ್ತೇವಲ್ಲ, ನಾಯಿ ಬೆಕ್ಕುಗಳಿಗೂ ಅಂಥ ಗಿಣ್ಣು ಹಾಲು ಇರುತ್ತದೆ. ಹುಟ್ಟಿದ ಮೊದಲ ದಿನ ಮರಿ ಅದನ್ನು ಕುಡಿದರೆ ತಾಯಿಯ ಆಂಟಿಬಾಡಿಗಳು ಮರಿಯ ರಕ್ತಕ್ಕೆ ಸೇರುತ್ತವೆ. ಕೆಲವು ವಾರ ಪಾರ್ವೋ, ಡಿಸ್ಟೆಂಪರ್‌ನಂಥ ರೋಗಗಳಿಂದ ಕಾಯುವುದು ಇವೇ. ತೊಡಕೂ ಇವುಗಳದ್ದೇ. ನಿಜವಾದ ವೈರಸ್ ಯಾವುದು, ಲಸಿಕೆಯೊಳಗಿನ ಸೊರಗಿದ ವೈರಸ್ ಯಾವುದು ಎಂದು ಇವು ನೋಡುವುದಿಲ್ಲ. ಎರಡನ್ನೂ ಬಾಗಿಲಲ್ಲೇ ಮುಗಿಸುತ್ತವೆ. ಮರಿಯ ಮೈ ಏನನ್ನೂ ಕಲಿಯುವುದಿಲ್ಲ. ಇಂಜೆಕ್ಷನ್ ಸುಮ್ನೆ ಹೋಯಿತು.

ಈ ತಾಯಿ ಕಾವಲು ಯಾವತ್ತು ಮುಗಿಯುತ್ತದೆ? ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಒಂದೇ ಸೂಲಿನ ಮರಿಗಳಲ್ಲೂ ಬೇರೆ ಬೇರೆ. ಒಂದಕ್ಕೆ 8ನೇ ವಾರ, ಇನ್ನೊಂದಕ್ಕೆ 12, ಮತ್ತೊಂದಕ್ಕೆ ಇನ್ನೂ ತಡ. ಅದಕ್ಕೇ 6ರಿಂದ 8ನೇ ವಾರದಲ್ಲಿ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಹಾಕುತ್ತಾರೆ. ಮೊದಲನೆಯದು ನಾಟದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಅಂದರೆ ಮರಿಯ ಪುಸ್ತಕದ ‘ಬೂಸ್ಟರ್’ ಇದ್ದ ಬಲವನ್ನು ಜಾಸ್ತಿ ಮಾಡುವ ಡೋಸ್ ಅಲ್ಲ, ನಾಟುವವರೆಗೂ ಮತ್ತೆ ಮತ್ತೆ ಮಾಡುವ ಬಿತ್ತನೆ. ಎಲ್ಲಕ್ಕಿಂತ ತಪ್ಪಿಸಬಾರದ್ದು ಆ ಕೊನೆಯದು. ನಾನು ತಪ್ಪಿಸಿದ್ದು ಅದನ್ನೇ!

ಹಾಗಾದರೆ ಹೆಸರಿಗೆ ತಕ್ಕ ಬೂಸ್ಟರ್ ಇಲ್ಲವೇ? ಇದೆ. ಮುಂದಿನ ಸಲ ಡಾಕ್ಟರ ಕೈ ಗಮನಿಸಿ. ಸಾಮಾನ್ಯವಾಗಿ ಎರಡು ಪುಟಾಣಿ ಬಾಟಲಿ ಇರುತ್ತವೆ. ಒಂದರ ತಳದಲ್ಲಿ ಒಣಗಿದ ಬಿಳಿ ಬಿಲ್ಲೆ, ಇನ್ನೊಂದರಲ್ಲಿ ನೀರಿನಂಥ ದ್ರವ. ದ್ರವವನ್ನು ಸಿರಿಂಜಿಗೆಳೆದು ಬಿಲ್ಲೆಯ ಮೇಲೆ ಬಿಟ್ಟು ಕರಗಿಸುತ್ತಾರೆ. ಎರಡರ ಸ್ಟಿಕ್ಕರನ್ನೂ ಕಿತ್ತು ಪುಸ್ತಕಕ್ಕೆ ಅಂಟಿಸುತ್ತಾರೆ. ಬಿಲ್ಲೆಯಲ್ಲಿರುವುದು ಜೀವಂತ, ಆದರೆ ಬಲ ಕುಗ್ಗಿಸಿದ ವೈರಸ್‌ಗಳು. ದ್ರವದಲ್ಲಿ ಹೆಚ್ಚಾಗಿ ಇಲಿಜ್ವರದ, ಅಂದರೆ ಲೆಪ್ಟೋದ, ಸತ್ತ ಬ್ಯಾಕ್ಟೀರಿಯಾ. ಸತ್ತದ್ದನ್ನು ಒಮ್ಮೆ ತೋರಿಸಿದರೆ ಮೈಗೆ ನೆನಪು ನಿಲ್ಲುವುದು ಕಷ್ಟ. ಕೆಲವು ವಾರ ಬಿಟ್ಟು ಇನ್ನೊಮ್ಮೆ ತೋರಿಸಿದಾಗ ಅದು ಚುರುಕಾಗಿ ಎದ್ದು ನಿಲ್ಲುತ್ತದೆ. ಇದು ಅಪ್ಪಟ ಬೂಸ್ಟರ್. ಇದರಲ್ಲಿ ತುಂಬಾ ತಡವಾದರೆ ಎರಡು ಡೋಸನ್ನೂ ಹೊಸದಾಗಿ ಹಾಕಿಸಬೇಕಾಗುತ್ತದೆ. ಮಳೆ ಬಂದರೆ ಮೋರಿ ನೀರು ರಸ್ತೆಗೆ ಬರುವ ನಮ್ಮೂರಲ್ಲಿ, ಇಲಿಯ ಉಚ್ಚೆಯಿಂದ ಹರಡುವ ಈ ರೋಗ ದೂರದ ಮಾತಲ್ಲ. ಮನುಷ್ಯರಿಗೂ ಬರುತ್ತದೆ.

ರೇಬಿಸ್ ಲಸಿಕೆಯೂ ಸತ್ತ ವೈರಸ್ಸಿನದೇ. ಸಾಮಾನ್ಯವಾಗಿ 12 ವಾರ ತುಂಬಿದ ಮೇಲೆ ಕೊಡುತ್ತಾರೆ, ಒಂದು ವರ್ಷಕ್ಕೆ ಮತ್ತೆ. ‘ನಮ್ಮ ಬೆಕ್ಕು ಫ್ಲಾಟ್ ಬಿಟ್ಟು ಇಳಿಯಲ್ಲ’ ಅನ್ನುವವರಿಗೂ ಇದು ಬೇಕು. ಬಾಲ್ಕನಿ ಇರುವ ಕಡೆ ಬೆಕ್ಕು ಇಳಿಯಲ್ಲ ಅನ್ನುವುದನ್ನು ನಾನಂತೂ ನಂಬುವುದಿಲ್ಲ.

ಇನ್ನು ವರ್ಷ ವರ್ಷದ ಬೂಸ್ಟರ್. ಇಲ್ಲಿ ಎಲ್ಲವನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಕಿಲ್ಲ. ಮರಿಯಲ್ಲಿ ಸರಿಯಾಗಿ ಮುಗಿಸಿದ್ದರೆ, ದೊಡ್ಡ ನಾಯಿಗೆ ಪಾರ್ವೋ, ಡಿಸ್ಟೆಂಪರ್ 3 ವರ್ಷಕ್ಕೊಮ್ಮೆ ಸಾಕು ಎನ್ನುತ್ತದೆ ಪಶುವೈದ್ಯರ ಜಾಗತಿಕ ಸಂಘ ಡಬ್ಲ್ಯೂಎಸ್‌ಎವಿಎ. ಲೆಪ್ಟೋ ಮಾತ್ರ ಪ್ರತಿ ವರ್ಷ. ರೇಬಿಸ್‌ಗೆ ಬಾಟಲಿಯ ಮೇಲಿನ ಅವಧಿ ಮತ್ತು ಊರಿನ ನಿಯಮ. ‘ಇವತ್ತು ಇದರಲ್ಲಿ ಯಾವುದು?’ ಎಂದು ಡಾಕ್ಟರನ್ನು ಕೇಳಲು ಸಂಕೋಚ ಬೇಡ.

ನಮ್ಮ ಮರಿಗೆ ಆ ಕೊನೆಯದು 19ನೇ ವಾರಕ್ಕೆ ಬಿತ್ತು. ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಲಿಲ್ಲ. ಆದರೆ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ಬೂಸ್ಟ್ ಎಂದಿದ್ದ ಅತ್ತೆ ಆ ಡೋಸ್ ಬೀಳುವವರೆಗೂ ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಸಂಪಿಗೆ ರಸ್ತೆಯಲ್ಲಿ ತರಕಾರಿ ತಂದರು.